ಟ್ರೇಸರ್ ದೇಹದಿಂದ ಹೊರಹೋಗುವ ಬಗೆ ಮತ್ತು ಸ್ಕ್ಯಾನ್‌ಗೆ ಮುನ್ನ ಕರುಳಿನ ಸಿದ್ಧತೆ: ಪದೇ ಪದೇ ಕೇಳುವ ಪ್ರಶ್ನೆಗಳು

ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಸ್ಕ್ಯಾನ್ ಮಾಡಿಸಿಕೊಳ್ಳಬೇಕಾದವರನ್ನು ಸಾಮಾನ್ಯವಾಗಿ ಎರಡು ಸಂಗತಿಗಳು ಕಾಡುತ್ತವೆ. ಮೈಯೊಳಕ್ಕೆ ಹೋದ ವಿಕಿರಣಶೀಲ ವಸ್ತು ಯಾವಾಗ, ಯಾವ ದಾರಿಯಲ್ಲಿ ಹೊರಗೆ ಹೋಗುತ್ತದೆ ಎಂಬುದು ಒಂದು. ಸ್ಕ್ಯಾನ್‌ಗೆ ಮೊದಲು ಭೇದಿಗೆ ಔಷಧಿ ತೆಗೆದುಕೊಂಡು ಕರುಳನ್ನು ಖಾಲಿ ಮಾಡಿಕೊಳ್ಳಬೇಕೆ ಎಂಬುದು ಇನ್ನೊಂದು. ಇವೆರಡನ್ನೂ ಒಟ್ಟಿಗೆ ನೋಡಬೇಕು. ಟ್ರೇಸರ್ ಹೊರಹೋಗುವ ದಾರಿ ಯಾವುದೆಂದು ತಿಳಿದರೆ, ಒಂದು ಸ್ಕ್ಯಾನ್‌ಗೆ ವಿರೇಚಕ ಕೊಟ್ಟು ಇನ್ನೊಂದಕ್ಕೆ ಅದನ್ನು ಕಟ್ಟುನಿಟ್ಟಾಗಿ ಬೇಡವೆನ್ನುವುದು ಏಕೆಂದು ಅರ್ಥವಾಗುತ್ತದೆ. ಇಲ್ಲಿರುವುದು ಸಾಮಾನ್ಯ ತಿಳಿವಳಿಕೆಗಾಗಿ ಬರೆದ ಉತ್ತರಗಳು. ನಿಮ್ಮ ಸ್ಕ್ಯಾನ್ ಮಾಡುವ ವಿಭಾಗದವರು ನಿಮಗೆಂದೇ ಕೊಟ್ಟ ಸೂಚನೆ ಇದಕ್ಕಿಂತ ಬೇರೆಯಾಗಿದ್ದರೆ ಅದನ್ನೇ ಪಾಲಿಸಬೇಕು.

ಟ್ರೇಸರ್ ಎಂದರೆ ಏನು? ಅದು ಎಷ್ಟು ಪ್ರಮಾಣದಲ್ಲಿ ದೇಹಕ್ಕೆ ಸೇರುತ್ತದೆ?

ಟ್ರೇಸರ್‌ನಲ್ಲಿ ಎರಡು ಭಾಗಗಳಿರುತ್ತವೆ. ಒಂದು, ಕ್ಯಾಮೆರಾಕ್ಕೆ ಕಾಣುವಂತೆ ವಿಕಿರಣ ಸೂಸುವ ಪರಮಾಣು. ಇನ್ನೊಂದು, ಆ ಪರಮಾಣುವನ್ನು ಮೂಳೆಗೋ ಯಕೃತ್ತಿಗೋ ಹೃದಯದ ಸ್ನಾಯುವಿಗೋ ಕೊಂಡೊಯ್ಯುವ ರಾಸಾಯನಿಕ. ದೇಹ ಗುರುತಿಸುವುದು ಈ ರಾಸಾಯನಿಕವನ್ನೇ ಹೊರತು ವಿಕಿರಣವನ್ನಲ್ಲ. ಆದ್ದರಿಂದ ಟ್ರೇಸರ್ ಮೂತ್ರದಲ್ಲಿ ಹೋಗುತ್ತದೆಯೋ ಮಲದಲ್ಲಿ ಹೋಗುತ್ತದೆಯೋ ಎಂಬುದು ಬಹುಮಟ್ಟಿಗೆ ಆ ರಾಸಾಯನಿಕದ ಗುಣವನ್ನು ಅವಲಂಬಿಸುತ್ತದೆ. ಟೆಕ್ನೀಷಿಯಮ್-99ಎಂ ಎಂಬ ಒಂದೇ ಪರಮಾಣುವನ್ನು ಬೇರೆ ಬೇರೆ ವಾಹಕಗಳಿಗೆ ಅಂಟಿಸಿದರೆ ಅದು ಬೇರೆ ಬೇರೆ ದಾರಿ ಹಿಡಿಯುತ್ತದೆ.

ಪ್ರಮಾಣವಂತೂ ಅತ್ಯಲ್ಪ. ಮೂಳೆ ಸ್ಕ್ಯಾನ್‌ಗೆ ಕೊಡುವ ಸುಮಾರು 740 ಮೆಗಾಬೆಕ್ವೆರೆಲ್ (ವಿಕಿರಣಶೀಲತೆಯ ಅಳತೆ) ಚಟುವಟಿಕೆಯಲ್ಲಿರುವ ಟೆಕ್ನೀಷಿಯಮ್-99ಎಂ ತೂಕ ನಾಲ್ಕು ನ್ಯಾನೋಗ್ರಾಂ ಆಸುಪಾಸಿನದು. ಈ ಕಾರಣದಿಂದಲೇ ಟ್ರೇಸರ್ ಚುಚ್ಚಿದಾಗ ಮೈ ಬಿಸಿಯಾಗುವುದು, ಬಾಯಿ ಕಹಿಯಾಗುವುದು ಮುಂತಾದ ಅನುಭವ ಸಾಮಾನ್ಯವಾಗಿ ಇರುವುದಿಲ್ಲ. ಅಂಥ ಅನುಭವ ಸಿಟಿ ಸ್ಕ್ಯಾನ್‌ನಲ್ಲಿ ಕೊಡುವ ಅಯೋಡಿನ್‌ಯುಕ್ತ ಕಾಂಟ್ರಾಸ್ಟ್‌ಗೆ ಸೇರಿದ್ದು. ಅದರಲ್ಲಿ ವಿಕಿರಣಶೀಲತೆಯೇ ಇಲ್ಲ.

ಟ್ರೇಸರ್ ದೇಹದಲ್ಲಿ ಎಷ್ಟು ಹೊತ್ತು ಇರುತ್ತದೆ?

ಇದನ್ನು ಲೆಕ್ಕ ಹಾಕಲು ಎರಡು ಗಡಿಯಾರಗಳನ್ನು ಒಟ್ಟಿಗೆ ನೋಡಬೇಕಾಗುತ್ತದೆ. ಮೊದಲನೆಯದು ಭೌತಿಕ ಅರ್ಧಾಯು, ಅಂದರೆ ದೇಹದೊಳಗಿರಲಿ ಸೀಸದ ಡಬ್ಬಿಯೊಳಗಿರಲಿ ವಿಕಿರಣಶೀಲತೆ ತಾನಾಗಿಯೇ ಅರ್ಧಕ್ಕೆ ಇಳಿಯಲು ಬೇಕಾದ ಕಾಲ. ಇದು ಫ್ಲೋರಿನ್-18ಕ್ಕೆ ಸುಮಾರು 110 ನಿಮಿಷ, ಗ್ಯಾಲಿಯಂ-68ಕ್ಕೆ 68 ನಿಮಿಷ, ಟೆಕ್ನೀಷಿಯಮ್-99ಎಂಗೆ 6 ಗಂಟೆ, ಅಯೋಡಿನ್-123ಕ್ಕೆ 13 ಗಂಟೆ, ಇಂಡಿಯಂ-111ಕ್ಕೆ 2.8 ದಿನ, ಗ್ಯಾಲಿಯಂ-67ಕ್ಕೆ 3.3 ದಿನ ಮತ್ತು ಅಯೋಡಿನ್-131ಕ್ಕೆ 8 ದಿನ. ಎರಡನೆಯದು ಜೈವಿಕ ಅರ್ಧಾಯು, ಅಂದರೆ ದೇಹ ಆ ವಸ್ತುವಿನಲ್ಲಿ ಅರ್ಧದಷ್ಟನ್ನು ಮೂತ್ರ, ಮಲ ಮುಂತಾದವುಗಳ ಮೂಲಕ ಹೊರಹಾಕಲು ತೆಗೆದುಕೊಳ್ಳುವ ಕಾಲ.

ಎರಡೂ ಏಕಕಾಲದಲ್ಲಿ ಕೆಲಸ ಮಾಡುವುದರಿಂದ ವಿಕಿರಣಶೀಲತೆ ಇವೆರಡರಲ್ಲಿ ಯಾವೊಂದು ಹೇಳುವುದಕ್ಕಿಂತಲೂ ಬೇಗ ಇಳಿಯುತ್ತದೆ. ಭೌತಿಕ ಅರ್ಧಾಯು 6 ಗಂಟೆ, ಜೈವಿಕ ಅರ್ಧಾಯುವೂ 6 ಗಂಟೆ ಎಂದಾದರೆ ನಿಜವಾಗಿ ಅನ್ವಯಿಸುವ ಪರಿಣಾಮಕ ಅರ್ಧಾಯು 3 ಗಂಟೆ ಮಾತ್ರ. ಮೂತ್ರವಾಗಿ ಏನೂ ಹೊರಹೋಗಲಿಲ್ಲವೆಂದೇ ಇಟ್ಟುಕೊಂಡರೂ ಹತ್ತು ಅರ್ಧಾಯುಗಳು ಕಳೆಯುವಷ್ಟರಲ್ಲಿ ಚಟುವಟಿಕೆ 1,024ರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಅದಕ್ಕೆ ಟೆಕ್ನೀಷಿಯಮ್-99ಎಂ 60 ಗಂಟೆ ತೆಗೆದುಕೊಂಡರೆ ಫ್ಲೋರಿನ್-18ಕ್ಕೆ ಸುಮಾರು 18 ಗಂಟೆ ಸಾಕು.

ಒಂದು ವಸ್ತು ದೇಹದಲ್ಲಿ ಎಷ್ಟು ಕಾಲ ತಂಗುತ್ತದೆ ಎಂದು ಅಳೆಯುವ ಈ ಬಗೆಗೆ ದೀರ್ಘ ಇತಿಹಾಸವಿದೆ. ಟ್ರೇಸರ್ ವಿಧಾನಕ್ಕಾಗಿ 1943ರ ರಸಾಯನಶಾಸ್ತ್ರದ ನೊಬೆಲ್ ಪಡೆದ ಜಾರ್ಜ್ ಡಿ ಹೆವೆಸಿಯವರು 1934ರಲ್ಲಿ ಹೋಫರ್ ಅವರೊಡನೆ ಭಾರಜಲ ಬೆರೆಸಿದ ನೀರನ್ನು ಬಳಸಿ, ಕುಡಿದ ನೀರು ಮನುಷ್ಯನ ದೇಹದಲ್ಲಿ ಎಷ್ಟು ದಿನ ಉಳಿಯುತ್ತದೆಂದು ಅಳೆದು ಪ್ರಕಟಿಸಿದರು. ಭಾರಜಲ ವಿಕಿರಣಶೀಲವಲ್ಲ. ಆದರೂ ಗುರುತು ಹಾಕಿದ ವಸ್ತುವನ್ನು ಒಳಗೆ ಕಳಿಸಿ, ಹೊರಬರುವುದನ್ನು ಅಳೆಯುವ ತರ್ಕ ಇಂದಿನದೇ.

ಅದು ಯಾವ ಯಾವ ದಾರಿಗಳಿಂದ ಹೊರಹೋಗುತ್ತದೆ?

ಮುಖ್ಯವಾದ ದಾರಿ ಮೂತ್ರಪಿಂಡ. ಮೂಳೆ ಸ್ಕ್ಯಾನ್‌ನಲ್ಲಿ ಬಳಸುವ ಎಂಡಿಪಿ ಎಂಬ ಟ್ರೇಸರ್‌ನಲ್ಲಿ ಸುಮಾರು ಅರ್ಧದಷ್ಟು ಮೂಳೆಗೆ ಅಂಟಿಕೊಂಡರೆ ಉಳಿದದ್ದರಲ್ಲಿ ಬಹುಪಾಲು ಒಂದು ದಿನದೊಳಗೆ ಮೂತ್ರಕ್ಕೆ ಸೇರುತ್ತದೆ. ಚುಚ್ಚುಮದ್ದಿನ ನಂತರ ಎರಡರಿಂದ ನಾಲ್ಕು ಗಂಟೆ ಕಾಯಿಸುವುದು ಇದಕ್ಕಾಗಿಯೇ. ರಕ್ತದಲ್ಲಿ ಮತ್ತು ಮಾಂಸಖಂಡದಲ್ಲಿ ಉಳಿದದ್ದು ಮೂತ್ರಕ್ಕೆ ಇಳಿದ ಮೇಲೆಯೇ ಮೂಳೆಗಳು ಸ್ಪಷ್ಟವಾಗಿ ಕಾಣುತ್ತವೆ. ಪೆಟ್ ಸ್ಕ್ಯಾನ್‌ನಲ್ಲಿ ಬಳಸುವ ಎಫ್‌ಡಿಜಿ ಎಂಬ ಫ್ಲೋರಿನ್-18 ಟ್ರೇಸರ್ ಕೂಡ ಮೂತ್ರದಲ್ಲಿ ಹೋಗುತ್ತದೆ, ಮತ್ತು ಇಲ್ಲೊಂದು ಸ್ವಾರಸ್ಯವಿದೆ. ರಕ್ತದಿಂದ ಸೋಸಿದ ಸಾಧಾರಣ ಗ್ಲೂಕೋಸನ್ನು ಆರೋಗ್ಯವಂತ ಮೂತ್ರಪಿಂಡ ಮತ್ತೆ ಒಳಕ್ಕೆ ಹೀರಿಕೊಳ್ಳುತ್ತದೆ. ಗ್ಲೂಕೋಸನ್ನು ಬಹಳಷ್ಟು ಹೋಲುವ ಎಫ್‌ಡಿಜಿಯನ್ನು ಮಾತ್ರ ಅಷ್ಟು ಚೆನ್ನಾಗಿ ಹೀರಿಕೊಳ್ಳಲಾರದೆ ಬಿಟ್ಟುಬಿಡುತ್ತದೆ. ಹೀಗಾಗಿ ಪೆಟ್ ಚಿತ್ರದಲ್ಲಿ ಮೂತ್ರಕೋಶ ಕಡುಕಪ್ಪಾಗಿ ಕಾಣುವುದು ಸಹಜ, ಅದು ರೋಗದ ಲಕ್ಷಣವಲ್ಲ.

ಎರಡನೆಯ ದಾರಿ ಯಕೃತ್ತು, ಪಿತ್ತ ಮತ್ತು ಕರುಳು. ಪಿತ್ತನಾಳಗಳ ಪರೀಕ್ಷೆಗೆ ಬಳಸುವ ಮೆಬ್ರೊಫೆನಿನ್ ಬಹುತೇಕ ಪೂರ್ತಿಯಾಗಿ ಈ ದಾರಿಯಲ್ಲೇ ಸಾಗಿ ಸಣ್ಣ ಕರುಳಿಗೆ ಇಳಿದು ಮಲದೊಂದಿಗೆ ಹೊರಹೋಗುತ್ತದೆ. ಹೃದಯದ ರಕ್ತಸಂಚಾರ ನೋಡಲು ಕೊಡುವ ಸೆಸ್ಟಾಮಿಬಿ ಎರಡೂ ದಾರಿಗಳನ್ನು ಹಂಚಿಕೊಳ್ಳುತ್ತದೆ: 24 ಗಂಟೆಗಳಲ್ಲಿ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಮೂತ್ರದಲ್ಲಿಯೂ, 48 ಗಂಟೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಮಲದಲ್ಲಿಯೂ ಹೊರಬೀಳುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿಗೆ ಮಾಡುವ ಪಿಎಸ್‌ಎಂಎ ಪೆಟ್ ಸ್ಕ್ಯಾನ್‌ಗಳಲ್ಲಿ ಈ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತದೆ. ಗ್ಯಾಲಿಯಂ-68 ಪಿಎಸ್‌ಎಂಎ-11 ಮೂತ್ರದಲ್ಲಿ ಹೋಗಿ ಮೂತ್ರಕೋಶವನ್ನು ತುಂಬುತ್ತದೆ. ಫ್ಲೋರಿನ್-18 ಪಿಎಸ್‌ಎಂಎ-1007 ಬಹುಪಾಲು ಪಿತ್ತದ ದಾರಿ ಹಿಡಿಯುವುದರಿಂದ ಮೂತ್ರಕೋಶಕ್ಕೆ ಅಂಟಿಕೊಂಡ ಜಾಗವನ್ನು ನೋಡಲು ಅನುಕೂಲವಾಗುತ್ತದೆ.

ಮೂರನೆಯ ಬಗೆಯ ಟ್ರೇಸರ್‌ಗಳು ಹೊರಗೆ ಹೋಗುವುದೇ ಅಪರೂಪ. ಸಲ್ಫರ್ ಕೊಲಾಯ್ಡ್ ಕಣಗಳು ರಕ್ತನಾಳಕ್ಕೆ ಸೇರಿದೊಡನೆ ಯಕೃತ್ತು ಮತ್ತು ಗುಲ್ಮದ ಜೀವಕೋಶಗಳು ಅವುಗಳನ್ನು ನುಂಗಿ ಹಿಡಿದಿಟ್ಟುಕೊಳ್ಳುತ್ತವೆ, ವಿಕಿರಣ ಅಲ್ಲಿಯೇ ಕ್ಷಯಿಸಿ ಮುಗಿಯುತ್ತದೆ. ಅದೇ ಕೊಲಾಯ್ಡನ್ನು ಜಠರ ಖಾಲಿಯಾಗುವ ವೇಗ ಅಳೆಯಲು ಮೊಟ್ಟೆಯಲ್ಲಿ ಬೆರೆಸಿ ತಿನ್ನಿಸಿದಾಗ ಅದು ರಕ್ತಕ್ಕೆ ಸೇರದೆ ಅನ್ನನಾಳದಿಂದ ಗುದದವರೆಗೆ ಸಾಗಿ ಮಲದಲ್ಲಿ ಹೋಗಿಬಿಡುತ್ತದೆ.

ಟೆಕ್ನೀಷಿಯಮ್-99ಎಂ ಕ್ಷಯಿಸಿದ ಮೇಲೆ ಉಳಿಯುವ ಟೆಕ್ನೀಷಿಯಮ್-99ರ ಅರ್ಧಾಯು ಎರಡು ಲಕ್ಷ ವರ್ಷ ಎಂದು ಓದಿದೆ. ಅದು ನನ್ನ ದೇಹದಲ್ಲಿ ಶಾಶ್ವತವಾಗಿ ಉಳಿಯುತ್ತದೆಯೇ?

ಓದಿದ್ದು ನಿಜ. ಟೆಕ್ನೀಷಿಯಮ್-99ರ ಅರ್ಧಾಯು ಸುಮಾರು 2,11,000 ವರ್ಷ. ಆದರೆ ಅರ್ಧಾಯು ದೀರ್ಘವಾದಷ್ಟೂ ಪ್ರತಿ ಸೆಕೆಂಡಿಗೆ ಒಡೆಯುವ ಪರಮಾಣುಗಳು ಕಡಿಮೆ ಎಂಬುದನ್ನು ಮರೆಯಬಾರದು. 740 ಮೆಗಾಬೆಕ್ವೆರೆಲ್ ಅಂದರೆ ಸೆಕೆಂಡಿಗೆ 74 ಕೋಟಿ ಕ್ಷಯಗಳು. ಅಷ್ಟೂ ಪರಮಾಣುಗಳು ಟೆಕ್ನೀಷಿಯಮ್-99 ಆಗಿ ಬದಲಾದ ಮೇಲೆ, ಒಂದೂ ಹೊರಗೆ ಹೋಗಲಿಲ್ಲವೆಂದು ಊಹಿಸಿಕೊಂಡರೂ, ಉಳಿಯುವ ಚಟುವಟಿಕೆ ಎರಡರಿಂದ ಮೂರು ಬೆಕ್ವೆರೆಲ್ ಮಾತ್ರ. ಪ್ರತಿಯೊಬ್ಬ ವಯಸ್ಕರ ದೇಹದಲ್ಲಿ ಹುಟ್ಟಿನಿಂದಲೇ ಇರುವ ಸಹಜ ಪೊಟ್ಯಾಸಿಯಂ-40ರ ಚಟುವಟಿಕೆ ಸುಮಾರು 4,000 ಬೆಕ್ವೆರೆಲ್‌ಗಳಷ್ಟಿರುತ್ತದೆ. ಹೆದರಿಕೆಗೆ ಇಲ್ಲಿ ಯಾವ ಕಾರಣವೂ ಇಲ್ಲ ಎಂದು ನಿಸ್ಸಂಕೋಚವಾಗಿ ಹೇಳಬಹುದು.

ಫ್ಲೋರಿನ್-18ರ ವಿಷಯದಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಅದು ಕ್ಷಯಿಸಿ ಆಕ್ಸಿಜನ್-18 ಎಂಬ ಸ್ಥಿರ ಪರಮಾಣುವಾಗುತ್ತದೆ. ಜೀವಕೋಶದೊಳಗೆ ಸಿಕ್ಕಿಕೊಂಡಿದ್ದ ಎಫ್‌ಡಿಜಿ ಆಗ ಸಾಮಾನ್ಯ ಗ್ಲೂಕೋಸ್‌ನ ರೂಪಕ್ಕೆ ತಿರುಗಿ ಜೀವಕೋಶಕ್ಕೇ ಆಹಾರವಾಗುತ್ತದೆ.

ಕರುಳಿನಲ್ಲಿರುವ ಟ್ರೇಸರ್ ಚಿತ್ರವನ್ನು ಹೇಗೆ ಕೆಡಿಸುತ್ತದೆ?

ಗಾಮಾ ಕ್ಯಾಮೆರಾ ಅಂಗದ ಆಕಾರವನ್ನಲ್ಲ, ವಿಕಿರಣ ಎಲ್ಲಿಂದ ಬರುತ್ತಿದೆ ಎಂಬುದನ್ನು ತೋರಿಸುತ್ತದೆ. ಹೊಟ್ಟೆಯ ಬಲಭಾಗದಲ್ಲಿ ಒಂದು ಕಪ್ಪು ಮಚ್ಚೆ ಕಂಡರೆ ಅದು ಸೋಂಕಿನ ಗಂಟೋ, ಗೆಡ್ಡೆಯೋ, ದೊಡ್ಡ ಕರುಳಿನ ತಿರುವಿನಲ್ಲಿ ನಿಂತ ಮಲವೋ ಎಂದು ಆ ಒಂದು ಚಿತ್ರ ಮಾತ್ರದಿಂದ ಹೇಳಲಾಗುವುದಿಲ್ಲ. ಗ್ಯಾಲಿಯಂ-67 ಸ್ಕ್ಯಾನ್ ಇದಕ್ಕೆ ಅತ್ಯುತ್ತಮ ಉದಾಹರಣೆ. ಮೊದಲ 24 ಗಂಟೆ ಗ್ಯಾಲಿಯಂ ಮುಖ್ಯವಾಗಿ ಮೂತ್ರಪಿಂಡದ ಮೂಲಕ ಹೋಗುತ್ತದೆ. ಆಮೇಲೆ ಮುಖ್ಯ ದಾರಿ ಕರುಳೇ. ಸ್ಕ್ಯಾನ್ ಮಾಡುವ 48ರಿಂದ 72 ಗಂಟೆಯ ಹೊತ್ತಿಗೆ ಸರಿಯಾಗಿ ಕರುಳು ತುಂಬಿಕೊಂಡಿರುತ್ತದೆ. ಆಗ ವೈದ್ಯರು ಮಾಡುವ ಕೆಲಸ ಸರಳವಾದರೂ ಬಹಳ ಪರಿಣಾಮಕಾರಿ: ಮರುದಿನ ಮತ್ತೆ ಚಿತ್ರ ತೆಗೆಯುತ್ತಾರೆ. ಯಕೃತ್ತಿನ ಕೆಳಗಿದ್ದ ಮಚ್ಚೆ ಎಡಕ್ಕೆ ಸರಿದು ಅವರೋಹಿ ಕರುಳಿಗೆ ಬಂದಿದ್ದರೆ ಅದು ಮಲ. ಕದಲದೆ ಅಲ್ಲಿಯೇ ನಿಂತು ಇನ್ನಷ್ಟು ಗಾಢವಾಗಿದ್ದರೆ ಅದನ್ನು ರೋಗವೆಂದು ಅನುಮಾನಿಸಬೇಕು.

ಹೃದಯದ ಸ್ಕ್ಯಾನ್‌ನಲ್ಲಿ ಸಮಸ್ಯೆ ಬೇರೆ ರೀತಿಯದು. ಪಿತ್ತದಿಂದ ಕರುಳಿಗೆ ಇಳಿದ ಸೆಸ್ಟಾಮಿಬಿ ಹೃದಯದ ಕೆಳಗೋಡೆಗೆ ತಾಗಿಕೊಂಡಂತಿರುವ ಕರುಳಿನ ಸುರುಳಿಯಲ್ಲಿ ಹೊಳೆಯುತ್ತಿದ್ದರೆ, ಆ ಗೋಡೆಯ ರಕ್ತಸಂಚಾರವನ್ನು ನಂಬಿಕೆಯಿಂದ ಓದಲಾಗುವುದಿಲ್ಲ. ಇದಕ್ಕೆ ವಿರೇಚಕ ಪರಿಹಾರವಲ್ಲ. ಅರ್ಧ ಗಂಟೆಯಿಂದ ಒಂದು ಗಂಟೆ ಕಾಯುವುದು, ನೀರು ಅಥವಾ ಹಾಲು ಕುಡಿಸುವುದು, ಬೇಕಾದರೆ ಚಿತ್ರವನ್ನು ಮತ್ತೆ ತೆಗೆಯುವುದು, ಇವೇ ವಿಭಾಗಗಳು ಅನುಸರಿಸುವ ಕ್ರಮ.

ಹಾಗಾದರೆ ಯಾವ ಸ್ಕ್ಯಾನ್‌ಗಳಿಗೆ ಕರುಳಿನ ಸಿದ್ಧತೆ ಕೇಳಬಹುದು?

ಕರುಳಿನಲ್ಲಿ ಟ್ರೇಸರ್ ನಿಲ್ಲುವ ಸಂಭವವಿದ್ದು, ಅದೇ ಸಮಯದಲ್ಲಿ ಹೊಟ್ಟೆಯ ಭಾಗವನ್ನೇ ಪರೀಕ್ಷಿಸಬೇಕಾದಾಗ ವಿರೇಚಕ ಸೂಚಿಸುತ್ತಾರೆ. ಗ್ಯಾಲಿಯಂ-67, ನರ-ಅಂತಃಸ್ರಾವಕ ಗೆಡ್ಡೆಗಳಿಗೆ ಬಳಸುವ ಇಂಡಿಯಂ-111 ಪೆಂಟೆಟ್ರಿಯೋಟೈಡ್, ಥೈರಾಯ್ಡ್ ಕ್ಯಾನ್ಸರಿನ ನಂತರ ಮಾಡುವ ಅಯೋಡಿನ್-131 ಪೂರ್ಣದೇಹ ಸ್ಕ್ಯಾನ್ ಈ ಗುಂಪಿಗೆ ಸೇರುತ್ತವೆ. ಇಂಡಿಯಂ ಟ್ರೇಸರ್ ಬಹುತೇಕ ಮೂತ್ರದಲ್ಲಿಯೇ ಹೋಗುತ್ತದೆ, ಮೊದಲ ಒಂದು ದಿನದಲ್ಲಿ ಸುಮಾರು 85 ಶೇಕಡ. ಪಿತ್ತದ ಮೂಲಕ ಹೋಗುವುದು ಅತಿ ಕಡಿಮೆ. ಹಾಗಿದ್ದರೂ ಅಷ್ಟು ಕಡಿಮೆ ಪ್ರಮಾಣವೇ 24 ಗಂಟೆಯ ಚಿತ್ರದಲ್ಲಿ ಕರುಳನ್ನು ಬೆಳಗಿಸಿ ಮೇದೋಜೀರಕದ ಬಳಿಯ ಚಿಕ್ಕ ಗೆಡ್ಡೆಯನ್ನು ಮರೆಮಾಡಬಲ್ಲದು. ಹೊರಹೋಗುವ ಒಟ್ಟು ಪ್ರಮಾಣಕ್ಕಿಂತ ಅದು ಎಲ್ಲಿ ನಿಂತಿದೆ ಎಂಬುದೇ ಹೆಚ್ಚು ಮುಖ್ಯವಾಗುವ ಸಂದರ್ಭವಿದು.

ಒಂದು ಮಿತಿಯನ್ನು ಇಲ್ಲಿಯೇ ಹೇಳಬೇಕು. ವಿರೇಚಕ ಹೊರಹಾಕುವುದು ಕರುಳಿನ ಪೊಳ್ಳಿನಲ್ಲಿರುವುದನ್ನು ಮಾತ್ರ. ಕರುಳಿನ ಗೋಡೆಯೇ ಹೀರಿಕೊಂಡದ್ದನ್ನು ಅದು ತೊಳೆಯಲಾರದು. ಗೋಡೆಯನ್ನು ಕೆರಳಿಸುವ ತೀವ್ರ ವಿರೇಚಕಗಳು ಗ್ಯಾಲಿಯಂ ಹೀರಿಕೆಯನ್ನು ಹೆಚ್ಚಿಸಬಹುದೆಂಬ ಆಕ್ಷೇಪವೂ ವೈದ್ಯರಲ್ಲಿ ಇದೆ. ಅದಕ್ಕಾಗಿಯೇ ಒಂದು ವಿಭಾಗದವರು ವಿರೇಚಕ ಕೊಟ್ಟು, ಇನ್ನೊಂದು ವಿಭಾಗದವರು ಕೊಡದೆ ಮರುದಿನದ ಚಿತ್ರವನ್ನೇ ನೆಚ್ಚಿಕೊಂಡರೆ ಯಾರೋ ಒಬ್ಬರು ತಪ್ಪು ಮಾಡುತ್ತಿದ್ದಾರೆಂದು ತಿಳಿಯಬೇಕಾಗಿಲ್ಲ.

ಯಾವ ಸ್ಕ್ಯಾನ್‌ಗಳಿಗೆ ವಿರೇಚಕ ತೆಗೆದುಕೊಳ್ಳಲೇಬಾರದು?

ಮೆಕೆಲ್ ಸ್ಕ್ಯಾನ್ ಎಂಬ ಪರೀಕ್ಷೆಯನ್ನು ಮೊದಲು ಹೆಸರಿಸಬೇಕು, ಏಕೆಂದರೆ ಇದು ಹೆಚ್ಚಾಗಿ ಮಕ್ಕಳಿಗೆ ಮಾಡುವ ಪರೀಕ್ಷೆ, ಮತ್ತು ಮಗುವಿನ ಹೊಟ್ಟೆ ಸ್ವಚ್ಛವಾಗಿರಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಪೋಷಕರು ಔಷಧಿ ಕೊಟ್ಟುಬಿಡುವ ಸಂಭವವಿದೆ. ಸಣ್ಣ ಕರುಳಿನ ಚೀಲವೊಂದರಲ್ಲಿ ಜಠರದ ಒಳಪದರ ಬೆಳೆದಿದೆಯೇ ಎಂದು ಪರ್ಟೆಕ್ನೆಟೇಟ್ ಎಂಬ ಟೆಕ್ನೀಷಿಯಮ್ ಟ್ರೇಸರ್ ಬಳಸಿ ನೋಡುವ ಪರೀಕ್ಷೆ ಇದು. ವಿರೇಚಕ ಅಥವಾ ಎನಿಮಾದಿಂದ ಕೆರಳಿದ ಕರುಳಿಗೆ ರಕ್ತಸಂಚಾರ ಹೆಚ್ಚಿ, ಇಲ್ಲದ ಚೀಲ ಇದ್ದಂತೆ ಕಾಣುವ ಅಪಾಯವಿದೆ. ಇದಕ್ಕೆ ಮುನ್ನ ಬೇರಿಯಂ ಪರೀಕ್ಷೆಯನ್ನೂ ಮಾಡಿಸಿರಬಾರದು. ಕರುಳಿನಲ್ಲುಳಿದ ಬೇರಿಯಂ ಗಾಮಾ ಕಿರಣಗಳನ್ನು ತಡೆಹಿಡಿಯುತ್ತದೆ.

ಕರುಳಿನ ರಕ್ತಸ್ರಾವದ ಜಾಗ ಹುಡುಕಲು ಕೆಂಪು ರಕ್ತಕಣಗಳಿಗೆ ಗುರುತು ಹಾಕಿ ಮಾಡುವ ಸ್ಕ್ಯಾನ್‌ಗೂ ಕರುಳಿನ ಸಿದ್ಧತೆ ಬೇಡ. ಟ್ರೇಸರ್ ಕರುಳಿಗೆ ಸೋರುವುದನ್ನೇ ಅಲ್ಲಿ ನೋಡಬೇಕಾಗಿರುತ್ತದೆ. ಪಿತ್ತಕೋಶದ ಸ್ಕ್ಯಾನ್‌ಗೆ ಬೇಕಾಗಿರುವುದು ಉಪವಾಸ, ಸಾಮಾನ್ಯವಾಗಿ ಕನಿಷ್ಠ ನಾಲ್ಕು ಗಂಟೆ. ಅದಕ್ಕಿಂತ ಹೆಚ್ಚು ಇದ್ದರೆ ಇನ್ನೂ ಒಳ್ಳೆಯದೆಂದು ದಿನಗಟ್ಟಲೆ ಉಪವಾಸ ಮಾಡಿದರೆ ಪಿತ್ತಕೋಶ ಗಟ್ಟಿಪಿತ್ತದಿಂದ ತುಂಬಿಕೊಂಡು ಟ್ರೇಸರನ್ನು ಒಳಗೆ ಬಿಟ್ಟುಕೊಳ್ಳದೆ ರೋಗವಿರುವಂತೆ ತೋರಿಸುತ್ತದೆ. ಮಾರ್ಫಿನ್‌ನಂಥ ನೋವುನಿವಾರಕಗಳು ಪಿತ್ತನಾಳದ ಬಾಗಿಲನ್ನು ಬಿಗಿಗೊಳಿಸುವುದರಿಂದ ಅವುಗಳನ್ನು ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಬೇಕು. ಮೂಳೆ, ಥೈರಾಯ್ಡ್ ಮತ್ತು ಶ್ವಾಸಕೋಶದ ಸಾಮಾನ್ಯ ಸ್ಕ್ಯಾನ್‌ಗಳಿಗೆ ಕರುಳಿನ ಸಿದ್ಧತೆಯ ಮಾತೇ ಇಲ್ಲ.

ಎಫ್‌ಡಿಜಿ ಪೆಟ್ ಸ್ಕ್ಯಾನ್‌ಗೆ ಭೇದಿ ಔಷಧಿ ಬೇಕೆ?

ವಾಡಿಕೆಯಲ್ಲಿ ಬೇಡ. ಬೇಕಾದದ್ದು ನಾಲ್ಕರಿಂದ ಆರು ಗಂಟೆಯ ಉಪವಾಸ, ಸಿಹಿಯಿಲ್ಲದ ನೀರು, ಹಿಂದಿನ ದಿನದಿಂದ ಶ್ರಮದ ವ್ಯಾಯಾಮ ಮಾಡದಿರುವುದು ಮತ್ತು ರಕ್ತದ ಸಕ್ಕರೆ ಹತೋಟಿಯಲ್ಲಿರುವುದು. ಸಕ್ಕರೆ ಡೆಸಿಲೀಟರಿಗೆ 200 ಮಿಲಿಗ್ರಾಂ ಮೀರಿದ್ದರೆ ಬಹಳ ಕಡೆ ಸ್ಕ್ಯಾನ್ ಮುಂದೂಡುತ್ತಾರೆ, ಏಕೆಂದರೆ ರಕ್ತದಲ್ಲಿರುವ ಗ್ಲೂಕೋಸ್ ಎಫ್‌ಡಿಜಿಗೆ ಜೀವಕೋಶದ ಬಾಗಿಲಲ್ಲಿ ಪೈಪೋಟಿ ಒಡ್ಡುತ್ತದೆ.

ಪೆಟ್ ಚಿತ್ರದಲ್ಲಿ ಕರುಳು ಕಪ್ಪಾಗಿ ಕಾಣುವುದಕ್ಕೆ ಮುಖ್ಯ ಕಾರಣ ಮಲವಲ್ಲ, ಕರುಳಿನ ಗೋಡೆ. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಈ ಹೀರಿಕೆ ಎದ್ದು ಕಾಣುವಷ್ಟು ಹೆಚ್ಚುತ್ತದೆ, ಕೆಲವೊಮ್ಮೆ ದೊಡ್ಡ ಕರುಳು ಉದ್ದಕ್ಕೂ ಗಾಢವಾಗಿ ಹೊಳೆಯುತ್ತದೆ. ಇಂಥವರು ಎಷ್ಟೇ ಭೇದಿ ಮಾಡಿಕೊಂಡರೂ ಚಿತ್ರ ತಿಳಿಯಾಗುವುದಿಲ್ಲ. ಹೊಟ್ಟೆಯ ಭಾಗವೇ ಮುಖ್ಯವಾಗಿರುವಾಗ ಮೆಟ್‌ಫಾರ್ಮಿನ್ ಅನ್ನು 48 ಗಂಟೆ ನಿಲ್ಲಿಸುವಂತೆ ವೈದ್ಯರು ಹೇಳುವುದುಂಟು. ಸಕ್ಕರೆ ಏರುವ ಅಪಾಯವಿರುವುದರಿಂದ ಇದನ್ನು ನಿಮ್ಮಷ್ಟಕ್ಕೆ ನೀವೇ ಮಾಡಬೇಡಿ. ಕರುಳಿನ ಉದ್ದಕ್ಕೂ ಹರಡಿದ ಹೀರಿಕೆಗಿಂತ ಒಂದೇ ಜಾಗದಲ್ಲಿ ಚುಕ್ಕೆಯಂತೆ ಕಾಣುವ ಹೀರಿಕೆಗೆ ವೈದ್ಯರು ಹೆಚ್ಚು ಗಮನ ಕೊಡುತ್ತಾರೆ. ಅದು ಪಾಲಿಪ್ (ಕರುಳಿನ ಒಳಗೋಡೆಯಲ್ಲಿ ಬೆಳೆದ ಗಂಟು) ಆಗಿರಬಹುದಾದ್ದರಿಂದ ಕೊಲೊನೋಸ್ಕೋಪಿ ಮಾಡಿಸಲು ಸಲಹೆ ಬಂದರೆ ಅದನ್ನು ತಳ್ಳಿಹಾಕಬಾರದು.

ಕೊಲೊನೋಸ್ಕೋಪಿಗೆ ಮಾಡುವ ಸಿದ್ಧತೆಯೂ ಇದೂ ಒಂದೆಯೇ?

ಅಲ್ಲ. ಕೊಲೊನೋಸ್ಕೋಪಿಯಲ್ಲಿ ಗೋಡೆಯನ್ನು ಕಣ್ಣಿನಿಂದ ನೋಡಬೇಕಾದ್ದರಿಂದ ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣವನ್ನು ಎರಡರಿಂದ ನಾಲ್ಕು ಲೀಟರ್ ಕುಡಿಸಿ ತಿಳಿನೀರು ಬರುವವರೆಗೆ ಕರುಳನ್ನು ತೊಳೆಯುತ್ತಾರೆ. ಟ್ರೇಸರ್ ಸ್ಕ್ಯಾನ್‌ಗೆ ಅಷ್ಟು ಬೇಕಾಗುವುದಿಲ್ಲ. ಹಿಂದಿನ ರಾತ್ರಿ ಬಿಸಾಕೋಡಿಲ್ ಮಾತ್ರೆ ಅಥವಾ ಸೆನ್ನಾದಂಥ ಸೌಮ್ಯ ವಿರೇಚಕ ಸಾಕಾಗುತ್ತದೆ. ಇವು ಕೆಲಸ ಮಾಡಲು ಆರರಿಂದ ಹನ್ನೆರಡು ಗಂಟೆ ಬೇಕು. ಬಿಸಾಕೋಡಿಲ್ ಮಾತ್ರೆಯನ್ನು ಪುಡಿಮಾಡದೆ ಇಡಿಯಾಗಿ ನುಂಗಬೇಕು. ಹಾಲಿನೊಂದಿಗೆ ಅಥವಾ ಆಮ್ಲಶಾಮಕದೊಂದಿಗೆ ತೆಗೆದುಕೊಂಡರೆ ಅದರ ಹೊರಲೇಪ ಜಠರದಲ್ಲಿಯೇ ಕರಗಿ ಹೊಟ್ಟೆನುಲಿತ ಬರುತ್ತದೆ. ಸೆನ್ನಾ ಮೂತ್ರಕ್ಕೆ ಹಳದಿ ಅಥವಾ ಕೆಂಪುಕಂದು ಬಣ್ಣ ಕೊಡಬಹುದು. ಅದನ್ನು ಕಂಡು ಟ್ರೇಸರ್‌ನಿಂದ ಹೀಗಾಯಿತೆಂದು ಗಾಬರಿಪಡಬೇಕಿಲ್ಲ. ಟ್ರೇಸರ್ ಮೂತ್ರದ ಬಣ್ಣವನ್ನು ಬದಲಿಸುವುದಿಲ್ಲ.

ಯಾರು ವಿರೇಚಕದ ಬಗ್ಗೆ ಎಚ್ಚರ ವಹಿಸಬೇಕು?

ಕರುಳು ಕಟ್ಟಿಕೊಂಡಿರುವ ಅನುಮಾನವಿರುವವರು, ತೀವ್ರ ಹೊಟ್ಟೆನೋವು ಅಥವಾ ವಾಂತಿ ಇರುವವರು, ಈಗಾಗಲೇ ಭೇದಿಯಿಂದ ಬಳಲುತ್ತಿರುವವರು ಮತ್ತು ಗರ್ಭಿಣಿಯರು ವೈದ್ಯರ ಒಪ್ಪಿಗೆಯಿಲ್ಲದೆ ವಿರೇಚಕ ಮುಟ್ಟಬಾರದು. ಮೂತ್ರಪಿಂಡ ಅಥವಾ ಹೃದಯದ ಕಾಯಿಲೆ ಇರುವವರಿಗೆ ಸೋಡಿಯಂ ಫಾಸ್ಫೇಟ್ ಇರುವ ವಿರೇಚಕಗಳು ಅಪಾಯಕಾರಿ. ಅವು ಮೂತ್ರಪಿಂಡಕ್ಕೆ ಗಂಭೀರ ಹಾನಿ ಮಾಡಿದ ಉದಾಹರಣೆಗಳಿವೆ. ವಯಸ್ಸಾದವರಲ್ಲಿ ನೀರು ಮತ್ತು ಲವಣ ಕಡಿಮೆಯಾಗಿ ತಲೆಸುತ್ತಿ ಬೀಳುವ ಭಯವಿರುವುದರಿಂದ ರಾತ್ರಿ ಶೌಚಕ್ಕೆ ಏಳುವಾಗ ಜೊತೆಗೊಬ್ಬರಿರುವುದು ಒಳ್ಳೆಯದು.

ಇನ್ಸುಲಿನೋಮಾ ಇರುವವರ ವಿಷಯ ಬಹಳ ಸೂಕ್ಷ್ಮ. ಈ ಗೆಡ್ಡೆ ತಾನಾಗಿಯೇ ಇನ್ಸುಲಿನ್ ಸುರಿಸುವುದರಿಂದ ಉಪವಾಸ, ಭೇದಿ ಮತ್ತು ಪೆಂಟೆಟ್ರಿಯೋಟೈಡ್ ಮೂರೂ ಸೇರಿ ರಕ್ತದ ಸಕ್ಕರೆಯನ್ನು ಕುಸಿಯುವಂತೆ ಮಾಡಬಲ್ಲವು. ಇವರ ಸಿದ್ಧತೆಯನ್ನು ಗ್ಲೂಕೋಸ್ ಡ್ರಿಪ್ ಕೈಗೆಟಕುವ ಕಡೆ, ವೈದ್ಯರ ಕಣ್ಗಾವಲಿನಲ್ಲಿಯೇ ನಡೆಸಬೇಕು.

ಹೆಚ್ಚು ನೀರು ಕುಡಿಯಿರಿ, ಆಗಾಗ ಮೂತ್ರ ಮಾಡಿ ಎಂದು ಏಕೆ ಒತ್ತಿ ಹೇಳುತ್ತಾರೆ?

ಮೂತ್ರಪಿಂಡದ ದಾರಿ ಹಿಡಿಯುವ ಟ್ರೇಸರ್‌ಗಳಲ್ಲಿ ಹೆಚ್ಚು ವಿಕಿರಣ ತಾಗುವ ಅಂಗಗಳಲ್ಲಿ ಮೂತ್ರಕೋಶದ ಗೋಡೆಯೂ ಒಂದು. ಮೂತ್ರವನ್ನು ತಡೆದಿಟ್ಟುಕೊಂಡಷ್ಟೂ ಆ ಗೋಡೆ ವಿಕಿರಣದ ಪಕ್ಕದಲ್ಲಿ ಹೆಚ್ಚು ಹೊತ್ತು ಇರುತ್ತದೆ. ನೀರು ಕುಡಿದರೆ ಟ್ರೇಸರ್ ತೆಳುವಾಗುತ್ತದೆ, ಪದೇ ಪದೇ ಖಾಲಿ ಮಾಡಿದರೆ ಹೊರಗೆ ಹೋಗುತ್ತದೆ. ಇಷ್ಟು ಸುಲಭವಾಗಿ ರೋಗಿ ತನ್ನ ಕೈಯಾರೆ ವಿಕಿರಣ ಪ್ರಮಾಣವನ್ನು ಇಳಿಸಿಕೊಳ್ಳುವ ಅವಕಾಶ ಬೇರೊಂದಿಲ್ಲ.

ಚಿತ್ರಕ್ಕೂ ಇದರಿಂದ ಲಾಭವಿದೆ. ತುಂಬಿದ ಮೂತ್ರಕೋಶ ಬಸ್ತಿಮೂಳೆಗಳನ್ನು ಮರೆಮಾಡುತ್ತದೆ. ಸ್ಕ್ಯಾನ್ ಮೇಜಿಗೆ ಹತ್ತುವ ಮುಂಚೆ ಮೂತ್ರ ಮಾಡಿ ಬರುವಾಗ ಸ್ವಲ್ಪ ಜಾಗ್ರತೆ ಬೇಕು. ಒಳಉಡುಪಿಗೆ ಸಿಡಿದ ಒಂದೇ ಹನಿ ಮೂತ್ರ, ಮೂಳೆ ಸ್ಕ್ಯಾನ್‌ನಲ್ಲಿ ತೊಡೆಮೂಳೆಯ ಮೇಲ್ಭಾಗದ ಮೇಲೆ ಬಿದ್ದು ಕ್ಯಾನ್ಸರ್ ಹರಡಿದ ಚುಕ್ಕೆಯಂತೆಯೇ ಕಾಣುತ್ತದೆ. ತಂತ್ರಜ್ಞರು ಪಕ್ಕದಿಂದ ಇನ್ನೊಂದು ಚಿತ್ರ ತೆಗೆದಾಗ ಆ ಚುಕ್ಕೆ ಮೂಳೆಯಿಂದ ಬೇರ್ಪಟ್ಟು ಚರ್ಮದ ಮೇಲೆ ನಿಲ್ಲುತ್ತದೆ, ಬಟ್ಟೆ ಬದಲಿಸಿ ತೊಡೆ ತೊಳೆದುಕೊಂಡು ಬಂದರೆ ಮಾಯವಾಗುತ್ತದೆ. ಬಟ್ಟೆ ಒದ್ದೆಯಾಗಿದ್ದರೆ, ಮೂತ್ರದ ಚೀಲ ಸೋರುತ್ತಿದ್ದರೆ ಸಂಕೋಚಪಡದೆ ಹೇಳಿಬಿಡಿ. ಆ ಒಂದು ಮಾತು ಅನಗತ್ಯವಾದ ಭಯವನ್ನೂ ಮರುಪರೀಕ್ಷೆಯನ್ನೂ ತಪ್ಪಿಸುತ್ತದೆ.

ಮೂತ್ರಪಿಂಡ ಸರಿಯಾಗಿ ಕೆಲಸ ಮಾಡದಿದ್ದರೆ ಏನಾಗುತ್ತದೆ?

ಟ್ರೇಸರ್ ರಕ್ತದಲ್ಲಿ ಹೆಚ್ಚು ಹೊತ್ತು ಸುತ್ತುತ್ತದೆ, ಚಿತ್ರದ ಹಿನ್ನೆಲೆ ಮಸುಕಾಗುತ್ತದೆ, ಕಾಯುವ ಅವಧಿ ಹೆಚ್ಚಾಗಬಹುದು. ಆದರೆ ಭೌತಿಕ ಕ್ಷಯ ಯಾವ ಅಂಗವನ್ನೂ ನೆಚ್ಚಿಕೊಂಡಿಲ್ಲವಾದ್ದರಿಂದ ಚಟುವಟಿಕೆ ತನ್ನ ಅರ್ಧಾಯುವಿನಂತೆ ಇಳಿಯುತ್ತಲೇ ಇರುತ್ತದೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರು ಡಯಾಲಿಸಿಸ್‌ನ ದಿನ ಮತ್ತು ಸಮಯವನ್ನು ಸ್ಕ್ಯಾನ್ ನಿಗದಿ ಮಾಡುವಾಗಲೇ ತಿಳಿಸಬೇಕು. ನೀರಿನ ಮಿತಿ ಇರುವವರಿಗೆ ಹೆಚ್ಚು ನೀರು ಕುಡಿಯಬೇಕೆಂಬ ಸಲಹೆ ಅನ್ವಯಿಸುವುದಿಲ್ಲ.

ಟ್ರೇಸರನ್ನು ಬೇಗ ಹೊರಹಾಕುವ ಔಷಧಿ ಅಥವಾ ಪಾನೀಯ ಇದೆಯೇ?

ದೇಹವನ್ನು ಶುದ್ಧಗೊಳಿಸುತ್ತವೆಂದು ಹೇಳಿಕೊಳ್ಳುವ ಯಾವ ಪಾನೀಯವೂ ಪರಮಾಣು ಕ್ಷಯದ ವೇಗವನ್ನು ಬದಲಿಸುವುದಿಲ್ಲ. ನೀರು, ಮೂತ್ರ ವಿಸರ್ಜನೆ, ಮಲಬದ್ಧತೆ ಇಲ್ಲದಿರುವುದು, ಕೆಲವು ಸ್ಕ್ಯಾನ್‌ಗಳಲ್ಲಿ ವೈದ್ಯರೇ ಕೊಡುವ ಫ್ಯೂರೋಸೆಮೈಡ್‌ನಂಥ ಮೂತ್ರವರ್ಧಕ, ಇಷ್ಟೇ ನಿಜವಾಗಿ ಉಪಯೋಗಕ್ಕೆ ಬರುವಂಥವು. ಪೊಟ್ಯಾಸಿಯಂ ಅಯೋಡೈಡ್ ಮಾತ್ರೆ ಥೈರಾಯ್ಡ್ ಗ್ರಂಥಿಗೆ ವಿಕಿರಣಶೀಲ ಅಯೋಡಿನ್ ಸೇರದಂತೆ ತಡೆಯುತ್ತದೆ ಮತ್ತು ವಿಕಿರಣಶೀಲ ಅಯೋಡಿನ್ ಅಂಟಿಸಿದ ಟ್ರೇಸರ್ ಬಳಸುವ ಎಂಐಬಿಜಿ ಸ್ಕ್ಯಾನ್‌ಗೆ ಮುನ್ನ ಅದನ್ನು ಕೊಡುತ್ತಾರೆ. ಉಳಿದ ಟ್ರೇಸರ್‌ಗಳ ಮೇಲೆ ಅದಕ್ಕೆ ಅಂಥ ಪ್ರಭಾವವಿಲ್ಲ. ಥೈರಾಯ್ಡ್ ಕ್ಯಾನ್ಸರಿಗೆಂದೇ ಅಯೋಡಿನ್ ಪಡೆಯುವವರು ಅದನ್ನು ತೆಗೆದುಕೊಂಡರೆ ಚಿಕಿತ್ಸೆಯೇ ವ್ಯರ್ಥವಾಗುತ್ತದೆ.

ಅಯೋಡಿನ್-131 ಪಡೆದವರಿಗೆ ಮಲಬದ್ಧತೆ ಆಗಬಾರದು ಎನ್ನುವುದು ಏಕೆ?

ಅಯೋಡಿನ್-131 ಗಾಮಾ ಕಿರಣಗಳ ಜೊತೆಗೆ ಬೀಟಾ ಕಣಗಳನ್ನೂ ಸೂಸುತ್ತದೆ. ಬೀಟಾ ಕಣಗಳು ಕೆಲವೇ ಮಿಲಿಮೀಟರ್ ಸಾಗಿ ತಮ್ಮ ಶಕ್ತಿಯನ್ನೆಲ್ಲ ಅಲ್ಲೇ ಸುರಿಯುತ್ತವೆ. ಥೈರಾಯ್ಡ್ ಜೀವಕೋಶಗಳನ್ನು ನಾಶಪಡಿಸಲು ಈ ಗುಣವೇ ಬೇಕು, ಆದರೆ ಕರುಳಿನಲ್ಲಿ ಮಲ ನಿಂತರೆ ಅದೇ ಗುಣ ಕರುಳಿನ ಗೋಡೆಗೆ ಅನಗತ್ಯ ಹೊರೆಯಾಗುತ್ತದೆ. ಸ್ಕ್ಯಾನ್‌ನಲ್ಲಿಯೂ ನಿಂತ ಮಲ ಕ್ಯಾನ್ಸರಿನ ಉಳಿಕೆಯಂತೆ ಕಾಣಬಹುದು. ಥೈರಾಯ್ಡ್ ಹಾರ್ಮೋನ್ ನಿಲ್ಲಿಸಿದ ವಾರಗಳಲ್ಲಿ ಮಲಬದ್ಧತೆ ಸಹಜವಾಗಿಯೇ ಹೆಚ್ಚುವುದರಿಂದ ಈ ರೋಗಿಗಳಿಗೆ ವಿರೇಚಕ ನಿಜವಾದ ನೆರವು. ಗ್ರಂಥಿಯಲ್ಲಿ ಸೇರಿಕೊಂಡ ಅಯೋಡಿನ್ ಸುಮಾರು ಏಳು ದಿನಗಳ ಪರಿಣಾಮಕ ಅರ್ಧಾಯುವಿನಲ್ಲಿ ಇಳಿಯುತ್ತದೆ. ಗ್ರಂಥಿಯನ್ನು ತೆಗೆದುಹಾಕಿದವರಲ್ಲಿ ಬಹುಪಾಲು ಒಂದೆರಡು ದಿನಗಳಲ್ಲಿಯೇ ಮೂತ್ರದಲ್ಲಿ ಹೋಗಿಬಿಡುತ್ತದೆ. ಜೊಲ್ಲು ಮತ್ತು ಬೆವರಿನಲ್ಲಿಯೂ ಸ್ವಲ್ಪ ಹೊರಬರುವುದರಿಂದ ಲೋಟ, ಚಮಚ, ಟವೆಲ್ ಬೇರೆಯಾಗಿಡಲು ಹೇಳುತ್ತಾರೆ.

ಮನೆಗೆ ಬಂದ ಮೇಲೆ ಶೌಚಾಲಯದ ಬಳಕೆ ಹೇಗಿರಬೇಕು? ಮಕ್ಕಳ ಬಳಿ ಇರಬಹುದೇ?

ಗಂಡಸರೂ ಕುಳಿತೇ ಮೂತ್ರ ಮಾಡುವುದು, ಎರಡು ಬಾರಿ ನೀರು ಹಾಕುವುದು, ಸಾಬೂನಿನಿಂದ ಕೈ ತೊಳೆಯುವುದು, ಸಾಮಾನ್ಯ ಟೆಕ್ನೀಷಿಯಮ್ ಸ್ಕ್ಯಾನ್‌ಗೆ ಒಂದು ದಿನ ಇಷ್ಟನ್ನು ಪಾಲಿಸಿದರೆ ಸಾಕು. ಸ್ಕ್ಯಾನ್ ಆದ ಮಗುವಿನ ಅಥವಾ ಹಾಸಿಗೆ ಹಿಡಿದವರ ಡೈಪರ್ ಬದಲಿಸುವವರು ಕೈಗವಸು ತೊಡಬೇಕು. ಪುಟ್ಟ ಮಕ್ಕಳನ್ನೂ ಗರ್ಭಿಣಿಯರನ್ನೂ ಆ ದಿನ ಹೆಚ್ಚು ಹೊತ್ತು ತಬ್ಬಿ ಕೂರದಿದ್ದರೆ ಒಳ್ಳೆಯದು. ಒಂದೇ ಮನೆಯಲ್ಲಿ ಓಡಾಡುವುದಕ್ಕೆ ಅಡ್ಡಿಯಿಲ್ಲ. ಮೂಳೆ ಸ್ಕ್ಯಾನ್‌ನಿಂದ ರೋಗಿಗೇ ಸಿಗುವ ವಿಕಿರಣ ಸುಮಾರು 3ರಿಂದ 5 ಮಿಲಿಸೀವರ್ಟ್. ಭೂಮಿಯ ಮೇಲೆ ಬದುಕುವ ಪ್ರತಿಯೊಬ್ಬರಿಗೂ ಪ್ರಕೃತಿಯಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಸಿಗುತ್ತದೆ. ಪಕ್ಕದಲ್ಲಿರುವವರಿಗೆ ತಾಗುವುದು ರೋಗಿಯ ಪಾಲಿನ ಅತಿ ಸಣ್ಣ ಅಂಶ.

ಎದೆಹಾಲುಣಿಸುವ ತಾಯಂದಿರು ಚುಚ್ಚುಮದ್ದಿಗೆ ಮೊದಲೇ ಹೇಳಬೇಕು. ಟೆಕ್ನೀಷಿಯಮ್ ಔಷಧಿಗಳಲ್ಲಿ ಯಾವುದೆಂಬುದನ್ನು ನೋಡಿಕೊಂಡು ಕೆಲವು ಗಂಟೆ ಹಾಲು ಹಿಂಡಿ ಚೆಲ್ಲಲು ಹೇಳಬಹುದು. ಎಫ್‌ಡಿಜಿ ಹಾಲಿಗೆ ಸೇರುವುದು ಕಡಿಮೆ, ಸ್ತನದಲ್ಲಿಯೇ ನಿಲ್ಲುವುದು ಹೆಚ್ಚು; ಆದ್ದರಿಂದ ಮೊದಲ ಕೆಲವು ಗಂಟೆ ಹಿಂಡಿಟ್ಟ ಹಾಲನ್ನು ಬೇರೊಬ್ಬರು ಕುಡಿಸುವುದು ಸೂಕ್ತ. ಅಯೋಡಿನ್-131 ಮಾತ್ರ ಬೇರೆಯದೇ ವಿಷಯ. ಅದನ್ನು ಪಡೆಯುವ ಕೆಲವು ವಾರ ಮೊದಲೇ ಹಾಲುಣಿಸುವುದನ್ನು ಬಿಡಿಸಬೇಕು, ಆ ಮಗುವಿಗೆ ಮತ್ತೆ ಆರಂಭಿಸಬಾರದು.

ವಿಮಾನ ನಿಲ್ದಾಣದಲ್ಲಿ ತೊಂದರೆಯಾಗುತ್ತದೆಯೇ?

ವಿಕಿರಣ ಪತ್ತೆಮಾಡುವ ಉಪಕರಣಗಳು ಬಹಳ ಸೂಕ್ಷ್ಮವಾಗಿದ್ದು, ಟೆಕ್ನೀಷಿಯಮ್ ಸ್ಕ್ಯಾನ್‌ನ ನಂತರ ಕೆಲವು ದಿನ, ಹೃದಯದ ಸ್ಕ್ಯಾನ್‌ಗೆ ಬಳಸುವ ಥ್ಯಾಲಿಯಂ ಅಥವಾ ಅಯೋಡಿನ್-131ರ ನಂತರ ಹಲವು ವಾರಗಳವರೆಗೆ ಸದ್ದು ಮಾಡಬಲ್ಲವು. ಔಷಧಿಯ ಹೆಸರು ಮತ್ತು ದಿನಾಂಕವಿರುವ ಪತ್ರವನ್ನು ವಿಭಾಗದಿಂದ ಕೇಳಿ ಪಡೆದು ಜೊತೆಗಿಟ್ಟುಕೊಳ್ಳಿ.

ಕೊಟ್ಟ ವಿರೇಚಕ ಕೆಲಸ ಮಾಡಲಿಲ್ಲ, ಅಥವಾ ವಾಂತಿಯಾಯಿತು. ಏನು ಮಾಡಲಿ?

ಇನ್ನೊಂದು ಮಾತ್ರೆಯನ್ನು ನೀವೇ ನುಂಗಬೇಡಿ, ಸ್ಕ್ಯಾನ್ ರದ್ದಾಯಿತೆಂದು ಮನೆಯಲ್ಲಿಯೂ ಕೂರಬೇಡಿ. ಬೆಳಿಗ್ಗೆ ವಿಭಾಗಕ್ಕೆ ಕರೆ ಮಾಡಿ, ಎಷ್ಟು ಗಂಟೆಗೆ ಔಷಧಿ ತೆಗೆದುಕೊಂಡಿರಿ, ಎಷ್ಟು ಹೊತ್ತಿಗೆ ವಾಂತಿಯಾಯಿತು, ಕೊನೆಯ ಬಾರಿ ಮಲವಿಸರ್ಜನೆ ಯಾವಾಗ ಆಯಿತು ಎಂದು ತಿಳಿಸಿ. ಚಿತ್ರವನ್ನು ಒಂದು ದಿನ ತಡವಾಗಿ ತೆಗೆಯುವುದೋ, ಎನಿಮಾ ಕೊಡುವುದೋ, ಸಿಟಿ ಜೊತೆ ಸೇರಿಸಿದ ಸ್ಪೆಕ್ಟ್ (ಗಾಮಾ ಕ್ಯಾಮೆರಾ ಸುತ್ತ ತಿರುಗಿ ತೆಗೆಯುವ ಮೂರು ಆಯಾಮದ) ಚಿತ್ರದಿಂದ ಕರುಳನ್ನೂ ರೋಗವನ್ನೂ ಬೇರ್ಪಡಿಸಿ ನೋಡುವುದೋ ಅವರು ತೀರ್ಮಾನಿಸುತ್ತಾರೆ. ಕಳೆದ ಕೆಲವು ದಿನಗಳಲ್ಲಿ ಬೇರಿಯಂ ಪರೀಕ್ಷೆ ಅಥವಾ ಇನ್ನೊಂದು ಟ್ರೇಸರ್ ಸ್ಕ್ಯಾನ್ ಆಗಿದ್ದರೆ ಅದನ್ನೂ ಅದೇ ಕರೆಯಲ್ಲಿ ಹೇಳಿ.